ಅಜ್ಜಿಯ ಕೋಳಿಗೂಡಿನ ಲೆಕ್ಕ

ಉಡುಪಿ ಸೀಮೆಯಲ್ಲಿ ಹಿತ್ತಲ ಕೋಳಿ ಸಾಕುವವರ ಹತ್ತಿರ ಗೂಡಿನ ಮಾತೆತ್ತಿದರೆ ಉತ್ತರ ತಯಾರಾಗಿಯೇ ಇರುತ್ತದೆ: ‘ಅಜ್ಜಿಯ ಕಾಲದಲ್ಲಿ ಇದಕ್ಕಿಂತ ಸಣ್ಣ ಗೂಡು, ಅದರಲ್ಲಿ ಹದಿನೈದು ಕೋಳಿ. ಆಗ ಏನಾಗಿತ್ತು?’ ಹಾಗಾಗಿ ಒಂದು ಕೋಳಿ ಇನ್ನೊಂದರ ಪುಕ್ಕ ಕಿತ್ತರೆ, ಇಟ್ಟ ಮೊಟ್ಟೆಯನ್ನೇ ಒಡೆದು ಕುಡಿದರೆ, ನಿನ್ನೆಯವರೆಗೆ ಸಾಧುವಾಗಿದ್ದ ಹೇಂಟೆ ಕೈಗೆ ಕುಕ್ಕಿದರೆ, ಅಪರಾಧಿ ಕೋಳಿಯೇ. ಫಾರಂ ರಕ್ತ ಬೆರೆತಿದೆ, ಗಿರಿರಾಜನಿಗೆ ಬುದ್ಧಿಯಿಲ್ಲ, ಊರುಕೋಳಿಯಾಗಿದ್ದರೆ ಹೀಗಾಗುತ್ತಿರಲಿಲ್ಲ. ಶಿಕ್ಷೆಯೂ ತೀರ್ಮಾನವಾಗಿರುತ್ತದೆ: ಭಾನುವಾರ ಕೋರಿ ರೊಟ್ಟಿ.

ಅಜ್ಜಿಯ ಗೂಡು ಸಣ್ಣದಿತ್ತು, ನಿಜ. ಮುರಕಲ್ಲಿನದೋ ಹಲಗೆಯದೋ, ಬಗ್ಗಿ ಕೈ ಚಾಚಿದರೆ ಹಿಂದಿನ ಗೋಡೆ ಸಿಗುತ್ತಿತ್ತು. ಆದರೆ ಕೋಳಿ ಅದರೊಳಗೆ ಇರುತ್ತಿದ್ದದ್ದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, ಅದೂ ಕತ್ತಲಲ್ಲಿ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ. ಒತ್ತೊತ್ತಾಗಿ ಕೂತು ನಿದ್ದೆ ತೆಗೆಯುತ್ತದೆ, ಜಗಳಕ್ಕೆ ಹೋಗುವುದಿಲ್ಲ. ಬೆಳಗಾದರೆ ಅದರ ಪಾಲಿಗೆ ಹಟ್ಟಿಯ ಗೊಬ್ಬರಗುಂಡಿ, ಬೈಹುಲ್ಲಿನ ಕುತ್ತರಿಯ ಬುಡ, ಅಡಿಕೆ ತೋಟದ ತರಗೆಲೆ ಎಲ್ಲವೂ ಇದ್ದವು. ಗೂಡು ಅದರ ಹಾಸಿಗೆಯಾಗಿತ್ತು, ಮನೆ ಹೊರಗಿತ್ತು.

ಈಗ ಹಾಸಿಗೆಯಷ್ಟೇ ಉಳಿದಿದೆ. ಮಣಿಪಾಲದ ಹತ್ತು ಸೆಂಟ್ಸ್ ಮನೆಗೆ ಸುತ್ತ ಕಾಂಪೌಂಡು, ಅಂಗಳಕ್ಕೆ ಇಂಟರ್‌ಲಾಕ್, ಆಚೆ ನೆರೆಮನೆಯವರ ಹೂವಿನ ಚಟ್ಟಿಗಳು. ಕಾಪುವಿನ ಕಡೆ ಬೀದಿನಾಯಿಯ ಭಯ, ಕಾರ್ಕಳದಲ್ಲಿ ಮುಂಗುಸಿ, ಕಾಡುಬೆಕ್ಕು, ಕಾಡಿನಂಚಾದರೆ ಚಿರತೆ. ಬಿಡುವಂತಿಲ್ಲ ಎಂದು ಹಗಲೂ ಕೂಡಿಹಾಕುತ್ತೇವೆ, ಅಳತೆ ಮಾತ್ರ ಅಜ್ಜಿಯದೇ. ಜೊತೆಗೆ ಊರುಕೋಳಿಗಿಂತ ಒಳ್ಳೇ ತೂಕ ಬರುವ ಗಿರಿರಾಜನನ್ನು ತಂದು ಅದರೊಳಗೆ ನೂಕುತ್ತೇವೆ. ಹೆಬ್ಬಾಳದ ವಿಜ್ಞಾನಿಗಳು ಆ ತಳಿಯನ್ನು ರೂಪಿಸಿದ್ದೇ ಹಿತ್ತಲಲ್ಲಿ ಮೇದು ಬದುಕಲೆಂದು. ಅದನ್ನು ಪೆಟ್ಟಿಗೆಯಲ್ಲಿಟ್ಟು ತಳಿಯನ್ನು ಬಯ್ಯುವುದು ನ್ಯಾಯವಲ್ಲ.

‘ಹತ್ತು ಕೋಳಿಗೆ ಧಾರಾಳ’ ಎಂದು ಮಾರುವ ಕಬ್ಬಿಣದ ಬಲೆಯ ಗೂಡು ನಾಲ್ಕಡಿ ಉದ್ದ, ಮೂರಡಿ ಅಗಲ ಇದೆಯೆನ್ನಿ. 12 ಚದರಡಿ, ಕೋಳಿಗೆ 1.2. ಫಾರಂ ಪಂಜರದಲ್ಲಿ ಮೊಟ್ಟೆಕೋಳಿಗೆ ಎ4 ಹಾಳೆಯಷ್ಟೂ ಜಾಗವಿಲ್ಲ ಎಂದು ಮರುಗಿ ನಾಟಿ ಮೊಟ್ಟೆಗೆ ತಿರುಗಿದವರು ನಾವು. ಎ4 ಹಾಳೆ ಎಂದರೆ ಚದರಡಿಯ ಮೂರರಲ್ಲಿ ಎರಡು ಪಾಲು. ನಮ್ಮ ಹಿತ್ತಲ ಕೋಳಿಗೆ ಅಂಥ ಎರಡು ಹಾಳೆಯೂ ದಕ್ಕಿಲ್ಲ. ಪಂಜರಗಳ ಬಗ್ಗೆ ನಮ್ಮ ಕಾನೂನು ಆಯೋಗ 2017ರಲ್ಲಿ 269ನೇ ವರದಿ ಬರೆಯಿತು, ಯುರೋಪಿನ ಒಕ್ಕೂಟ 2012ರಿಂದ ಬರಿ ಪಂಜರವನ್ನು ನಿಷೇಧಿಸಿತು. ಹಿತ್ತಲ ಗೂಡಿಗೆ ಟೇಪು ಹಿಡಿದು ಬರುವವರು ಯಾರೂ ಇಲ್ಲ.

ಓದಿಕೊಂಡವರ ಸಮರ್ಥನೆ ಇನ್ನೊಂದಿದೆ: ಕೋಳಿಗಳಲ್ಲಿ ಮೇಲುಕೀಳು ಇದ್ದದ್ದೇ, ಕುಕ್ಕಾಟ ಪ್ರಕೃತಿ ನಿಯಮ, ನಾವು ಕೈ ಹಾಕಬಾರದು. ನಾರ್ವೆಯ ಶೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ಈ ಶ್ರೇಣಿಯನ್ನು ಬರೆದಿಟ್ಟದ್ದು ಹೌದು. ಆದರೆ ಶ್ರೇಣಿ ಇರುವುದು ಜಗಳ ಮುಗಿಸುವುದಕ್ಕೆ. ಮೇಲಿನದು ಒಮ್ಮೆ ಕತ್ತು ಚಾಚುತ್ತದೆ, ಕೆಳಗಿನದು ನಾಲ್ಕು ಹೆಜ್ಜೆ ಓಡುತ್ತದೆ, ಅಲ್ಲಿಗೆ ಮುಗಿಯಿತು. ಓಡಲು ಆ ನಾಲ್ಕು ಹೆಜ್ಜೆಯೇ ಇಲ್ಲದಿದ್ದರೆ ಸೋತ ಕೋಳಿ ಸೋಲನ್ನು ತೋರಿಸುವುದು ಹೇಗೆ? ಮೂಲೆಯಲ್ಲಿ ನಿಂತಲ್ಲೇ ಪೆಟ್ಟು ತಿನ್ನುತ್ತದೆ. ಈ ಸತ್ಯ ನಮ್ಮೂರಿನ ಕೋರಿಕಟ್ಟದವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕಾನೂನು ಒಪ್ಪದ ಆಟ, ನನಗೂ ಅದರ ಮೇಲೆ ಪ್ರೀತಿಯಿಲ್ಲ. ಆದರೂ ಬೊಳ್ಳೆ, ಕೆಮ್ಮೈರೆ, ಉರಿಯೆ ಎಂದು ಬಣ್ಣ ನೋಡಿ ಕುಕ್ಕುಟ ಪಂಚಾಂಗ ತೆರೆಯುವವರು ಒಂದೊಂದು ಹುಂಜವನ್ನೂ ಬೇರೆ ಬೇರೆ ಕಡೆ, ಹಗ್ಗದ ಅಳತೆ ನೋಡಿ ಕಟ್ಟುತ್ತಾರೆ. ಅದೇ ಮನೆಯ ಹೇಂಟೆಗಳ ವಿಷಯಕ್ಕೆ ಬಂದಾಗ ಮಾತ್ರ ಈ ಜ್ಞಾನ ಎಲ್ಲಿಗೋ ಹೋಗಿಬಿಡುತ್ತದೆ.

ಆಷಾಢದ ಒಂದು ಬೆಳಿಗ್ಗೆ ಇಂಥ ಗೂಡಿನೆದುರು ಅರ್ಧ ಗಂಟೆ ಸುಮ್ಮನೆ ನಿಲ್ಲಿ. ತಟ್ಟೆಗೆ ತೌಡು ಬಿದ್ದ ಕೂಡಲೇ ಮೂರು ಕೋಳಿ ಮುತ್ತಿಕೊಳ್ಳುತ್ತವೆ. ಒಂದು ಮಾತ್ರ ಮೇಲಿನ ಅಡ್ಡಕೋಲಿನಿಂದ ಇಳಿಯುವುದೇ ಇಲ್ಲ. ಅದರ ಬಾಲದ ಬುಡ ಬೋಳು, ಚರ್ಮ ಕೆಂಪಗೆ, ಹೊಸ ಗರಿಯ ಮೊಳಕೆಯಲ್ಲಿ ರಕ್ತದ ಚುಕ್ಕೆ. ಉಳಿದವು ಹತ್ತು ನಿಮಿಷದಲ್ಲಿ ತಿಂದು ಮುಗಿಸಿ, ಬೇರೆ ಕೆಲಸವಿಲ್ಲದೆ, ಆ ಚುಕ್ಕೆಯನ್ನೇ ನೋಡುತ್ತವೆ.

ಕೆಲಸವಿಲ್ಲದೆ ಎಂಬುದು ಸುಮ್ಮನೆ ಹೇಳಿದ ಮಾತಲ್ಲ. ಮರಿಯನ್ ಡಾಕಿನ್ಸ್ ಮೃಗಾಲಯವೊಂದರ ಕೆಂಪು ಕಾಡುಕೋಳಿಗಳನ್ನು ಗಮನಿಸಿ 1989ರಲ್ಲಿ ಬರೆದ ಲೆಕ್ಕ ಹೀಗಿದೆ: ಆಹಾರ ಹೊತ್ತುಹೊತ್ತಿಗೆ ಸಿಗುತ್ತಿದ್ದರೂ ಹೇಂಟೆಗಳು ಶೇಕಡಾ 60ರಷ್ಟು ನಿಮಿಷಗಳಲ್ಲಿ ನೆಲ ಕುಕ್ಕುತ್ತಿದ್ದವು, 34ರಷ್ಟರಲ್ಲಿ ಕೆದಕುತ್ತಿದ್ದವು. ನಮ್ಮ ಸಾಕುಕೋಳಿಯ ಮೂಲ ಆ ಕೆಂಪು ಕಾಡುಕೋಳಿ. (ಅದರ ಹಳದಿ ಕಾಲು ಮಾತ್ರ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಗೊತ್ತಾಯಿತು. ಘಟ್ಟದ ಬುಡದಲ್ಲಿ ಮುಂಜಾನೆ ಕೂಗುವುದು ಈ ಬೂದು ಕೋಳಿಯೇ.) ಕುಕ್ಕುವ ಆ ಚಪಲ ಹೊಟ್ಟೆ ತುಂಬಿದರೂ ಹೋಗುವುದಿಲ್ಲ. ಕೆದಕಲು ನೆಲ ಸಿಗದಿದ್ದರೆ ಕೊಕ್ಕು ಪಕ್ಕದವಳ ಪುಕ್ಕಕ್ಕೆ ಹೋಗುತ್ತದೆ. ಕೊಕ್ಕಿನ ತುದಿ ಕತ್ತರಿಸಿದರೆ ಗಾಯ ಕಡಿಮೆಯಾದೀತು. ಆದರೆ ಕೊಕ್ಕಿನೊಳಗೆ ನರಗಳಿವೆ, ಚಪಲ ಇರುವುದು ಅಲ್ಲಲ್ಲ.

ಗೂಡಿನ ಅಳತೆಯ ಬಗ್ಗೆ ಪುಸ್ತಕಗಳು ಹೇಳುವುದು ಸಾಮಾನ್ಯವಾಗಿ ಹೀಗೆ: ಒಳಗೆ ಕೋಳಿಗೆ 3ರಿಂದ 4 ಚದರಡಿ, ಹೊರಗಿನ ಬಲೆಯಂಗಳದಲ್ಲಿ 8ರಿಂದ 10, ಕೂರುವ ಕೋಲಿನಲ್ಲಿ ತಲಾ 8 ಇಂಚು, ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆಪೆಟ್ಟಿಗೆ. ಇದನ್ನು ಓದಿ ದೊಡ್ಡ ಬಲೆಯಂಗಳ ಕಟ್ಟಿಸಿದವರೂ ನಮ್ಮಲ್ಲಿ ಸೋಲುತ್ತಾರೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸಿನ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾಡಿಲ್ಲದ ಅಂಗಳ ಆ ನಾಲ್ಕು ತಿಂಗಳು ಕೆಸರು, ಕೋಳಿ ಅತ್ತ ಕಾಲಿಡುವುದಿಲ್ಲ. ಧೂಳಲ್ಲಿ ಹೊರಳಿ ಹೇನು ಕಳೆದುಕೊಳ್ಳುವ ಪ್ರಾಣಿಗೆ ಹಿಡಿ ಒಣಮಣ್ಣೂ ಸಿಗುವುದಿಲ್ಲ. ಒಳಗೆ ಹಾಸಿದ ಉಮಿ ಒದ್ದೆಯಾದರೆ ರಕ್ತಭೇದಿ. ಆದ್ದರಿಂದ ಕರಾವಳಿಯಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಮಾಡಿನಡಿಯ ಒಣಜಾಗ ಮಾತ್ರ. ಜನವರಿಯ ವಿಶಾಲ ಅಂಗಳವನ್ನು ಜುಲೈಯ ಕೋಳಿಯ ಲೆಕ್ಕಕ್ಕೆ ಸೇರಿಸಬಾರದು.

ಇಷ್ಟು ಹೇಳಿ ಎಲ್ಲ ಬದಲಾವಣೆಯನ್ನೂ ಗೂಡಿನ ತಲೆಗೆ ಕಟ್ಟಿದರೆ ಅದೂ ಇನ್ನೊಂದು ಮೂಢನಂಬಿಕೆ. ಪೆಟ್ಟಿಗೆ ಬಿಟ್ಟೇಳದೆ ಮೈಯುಬ್ಬಿಸಿ ಗುರುಗುಡುವ ಹೇಂಟೆ ಕಾವಿಗೆ ಕೂತಿದೆ. ಅದನ್ನು ನೀರಲ್ಲಿ ಮುಳುಗಿಸುವುದು, ಮೂಗಿಗೆ ಗರಿ ಸಿಕ್ಕಿಸುವುದು ಬೇಕಿಲ್ಲ, 21 ದಿನಕ್ಕೆ ನಾಲ್ಕು ಮರಿ ಮಾಡಿಸಿ. ಒಂದೇ ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸಿದರೆ ಜಾಗದ ಮಾತು ಬಿಟ್ಟು ಪಶುವೈದ್ಯರನ್ನು ಕೇಳಿ, ಕೊಕ್ಕರೆ ರೋಗ ಕಾಯುವುದಿಲ್ಲ. ಮಳೆಗಾಲದಲ್ಲಿ ಮೊಟ್ಟೆ ಕಡಿಮೆಯಾಗುವುದರಲ್ಲಿ ಬೆಳಕಿನ ಪಾಲೂ ಇದೆ. ಹೆಚ್ಚು ಮೊಟ್ಟೆಗೆ 14 ಗಂಟೆಯಾದರೂ ಬೆಳಕು ಬೇಕೆನ್ನುತ್ತಾರೆ. ಉಡುಪಿಯ ಅತಿ ಉದ್ದದ ಹಗಲೂ 13 ಗಂಟೆ ದಾಟುವುದಿಲ್ಲ, ಮೇಲಿಂದ ಮೋಡ.

ದೊಡ್ಡ ಗೂಡಿಗೆ ದುಡ್ಡೆಲ್ಲಿ ಎನ್ನುವವರಿಗೆ ಉತ್ತರ ಸರಳ: ಕೋಳಿ ಕಡಿಮೆ ಮಾಡಿ. ಆ 12 ಚದರಡಿಯಲ್ಲಿ ಮೂರೋ ನಾಲ್ಕೋ ನೆಮ್ಮದಿಯಾಗಿರುತ್ತವೆ. ಹತ್ತೇ ಬೇಕೆಂದಾದರೆ ಅಡಿಕೆ ದಬ್ಬೆ, ಬಲೆ, ಹಳೇ ತಗಡು ಸೇರಿಸಿ ಗೂಡಿಗೆ ಒಂದು ಇಳಿಮಾಡು ಇಳಿಸಿ. ನೆಲವನ್ನು ಅಂಗಳಕ್ಕಿಂತ ಎತ್ತರಿಸಿ ತರಗೆಲೆ ಹರಡಿ. ಮೂಲೆಯಲ್ಲಿ ಬಚ್ಚಲೊಲೆಯ ಬೂದಿ ಬೆರೆಸಿದ ಮರಳು ಇರಲಿ, ಕಾಪುವಿನವರಿಗೆ ಮರಳಿಗೆ ಬರವಿಲ್ಲ. ತಿನ್ನುವ ತಟ್ಟೆ ಎರಡಿರಲಿ, ಒಂದರ ಬಳಿ ನಿಂತ ಕೋಳಿಗೆ ಇನ್ನೊಂದು ಕಾಣದಂತೆ. ಪುಕ್ಕ ಕೀಳುವ ಚಟ ಒಮ್ಮೆ ಹತ್ತಿದ ಕೋಳಿ ಜಾಗ ಕೊಟ್ಟೊಡನೆ ಬಿಡುವುದಿಲ್ಲ. ಗಾಯಗೊಂಡದ್ದನ್ನು ಬಲೆಯ ಆಚೆ, ಉಳಿದವುಗಳ ಕಣ್ಣಿಗೆ ಬೀಳುವಂತೆ ಬೇರೆಯಿಟ್ಟು, ಗರಿ ಬಂದ ಮೇಲೆ ರಾತ್ರಿ ಹೊತ್ತು ಒಳಗೆ ಸೇರಿಸಬೇಕು. ಕಟ್ಟುವ ಕೆಲಸ ಪತ್ತನಾಜೆಗೆ ಮೊದಲೇ ಮುಗಿಯಲಿ. ಆಮೇಲೆ ಮೇಸ್ತ್ರಿಯೂ ಸಿಗುವುದಿಲ್ಲ, ಒಣಗಿದ ಮರಳೂ ಸಿಗುವುದಿಲ್ಲ.