ಗಾಯಗೊಂಡ ಸಿರೆಯೂ ಶಸ್ತ್ರವೈದ್ಯನ ಗದ್ಯವೂ

ಆಂಗ್ಲ ನರಶಸ್ತ್ರವೈದ್ಯರಾದ ಹೆನ್ರಿ ಮಾರ್ಷ್ ಅವರು ೨೦೧೪ರಲ್ಲಿ ಪ್ರಕಟಿಸಿದ ‘ಡು ನೋ ಹಾರ್ಮ್’ ವೈದ್ಯರ ಆತ್ಮಕಥನಗಳಲ್ಲಿ ಗಣ್ಯವಾದ ಕೃತಿ. ತಮ್ಮ ತಪ್ಪುಗಳನ್ನು ಮರೆಮಾಚದೆ ಹೇಳಿಕೊಂಡ ಅವರ ಪ್ರಾಮಾಣಿಕತೆಯನ್ನು ಓದುಗರು ಬಹುವಾಗಿ ಮೆಚ್ಚಿದ್ದಾರೆ, ನಾವೂ ಮೆಚ್ಚುತ್ತೇವೆ. ಆದರೆ ಆ ಮೆಚ್ಚುಗೆಯ ಭರದಲ್ಲಿ ಒಂದು ಕೊರತೆ ಕಣ್ಣಿಗೆ ಬೀಳದೆ ಹೋಗಿದೆಯೆಂದು ನಮಗೆ ತೋರುತ್ತದೆ.

ಮೊದಲ ಅಧ್ಯಾಯದಲ್ಲಿ ಮಿದುಳಿನ ನಡುವಿನ ಗೆಡ್ಡೆಯೊಂದನ್ನು ತೆಗೆಯುವ ಪ್ರಸಂಗವಿದೆ. ಅಲ್ಲಿ ಗೇಲನ್ನನ ಹೆಸರು ಹೊತ್ತ ಮಹಾಸಿರೆಯೂ ಅದರ ಸಂಗಡದ ಆಳದ ಸಿರೆಗಳೂ ಸೂಕ್ಷ್ಮದರ್ಶಕದ ಬೆಳಕಿನಲ್ಲಿ ಕಾಣಿಸಿಕೊಳ್ಳುತ್ತವೆ. ವರ್ಣನೆ ರಮ್ಯವಾಗಿದೆ, ಭಯಂಕರವೂ ಆಗಿದೆ. ‘ಹ್ಯೂಬ್ರಿಸ್’ ಎಂಬ ಮುಂದಿನದೊಂದು ಅಧ್ಯಾಯದಲ್ಲಿ, ಹಗಲಿರುಳಿನ ಶಸ್ತ್ರಕ್ರಿಯೆಯ ಕೊನೆಗೆ, ಗೆಡ್ಡೆಯ ಉಳಿದ ತುಣುಕನ್ನೂ ತೆಗೆಯುವ ಹಂಬಲದಿಂದ ಬೇಸಿಲರ್ ಧಮನಿಯ ಪುಟ್ಟ ಕವಲೊಂದು ಹರಿಯುತ್ತದೆ. ರೋಗಿಗೆ ಮತ್ತೆ ಅರಿವು ಮರಳುವುದಿಲ್ಲ. ಒಂದೆಡೆ ಮುಟ್ಟದೆ ಉಳಿಸಿದ ನಾಳ, ಇನ್ನೊಂದೆಡೆ ಹರಿದ ಮೇಲೆ ಕೈಮೀರಿದ ನಾಳ. ಹರಿದುದನ್ನು ಸರಿಪಡಿಸುವ ಕೆಲಸ ಈ ಎರಡರ ನಡುವೆ ಇದೆ. ಈ ಎರಡು ಅಧ್ಯಾಯಗಳನ್ನೇ ನಂಬಿದ ವಿದ್ಯಾರ್ಥಿಗೆ, ಶಸ್ತ್ರವೈದ್ಯನೆಂದರೆ ಅದೃಷ್ಟವಂತ, ಇಲ್ಲವೆ ಅಪರಾಧಿ ಎಂದಷ್ಟೇ ತಿಳಿದೀತು.

ಆ ಕೆಲಸದ ಸ್ವರೂಪವನ್ನು ಕೊಂಚ ನೋಡೋಣ. (ಅಪಧಮನಿ, ಅಭಿಧಮನಿ ಎಂಬ ಪಠ್ಯಪುಸ್ತಕದ ಪದಗಳು ಒಂದಕ್ಷರದ ಅಂತರದಲ್ಲಿ ನಿಂತು ಗೊಂದಲ ಹುಟ್ಟಿಸುವುದರಿಂದ ಧಮನಿ, ಸಿರೆ ಎಂಬ ಹಳೆಯ ಮಾತುಗಳನ್ನೇ ಬಳಸಿದ್ದೇವೆ.) ಸಿರೆಯಲ್ಲಿ ರಕ್ತದ ಒತ್ತಡ ಕಡಮೆ, ಗೋಡೆ ತೆಳು. ಆತುರದಿಂದ ಸುಟ್ಟು ಮುಚ್ಚಹೊರಟರೆ ಸೀಳು ಹಿಗ್ಗಬಹುದು. ಹತ್ತಿಯನ್ನೂ ಜೆಲಟಿನ್ ಸ್ಪಂಜನ್ನೂ ಇಟ್ಟು ಮೆಲ್ಲನೆ ಅದುಮಿ ಕಾಯುವುದೇ ಅನೇಕ ವೇಳೆ ಸಾಕಾಗುತ್ತದೆ. ತಲೆಯನ್ನು ಎತ್ತರಿಸಿದರೆ ರಕ್ತಸ್ರಾವ ತಗ್ಗುವುದು ನಿಜ. ಆದರೆ ಮಿತಿಮೀರಿದರೆ ಸೀಳಿನ ಮೂಲಕ ಗಾಳಿ ಒಳಸೇರಿ ಹೃದಯವನ್ನು ಮುಟ್ಟೀತು. ರಕ್ತ ನಿಂತಿತೆಂದ ಮಾತ್ರಕ್ಕೆ ದುರಸ್ತಿ ಮುಗಿಯಿತೆನ್ನಲಾಗದು. ದೊಡ್ಡ ಸಿರೆ ಮುಚ್ಚಿಹೋದರೆ ಬಂದ ರಕ್ತಕ್ಕೆ ಹೊರದಾರಿಯಿಲ್ಲದೆ ಮಿದುಳು ಊದಿಕೊಳ್ಳುತ್ತದೆ, ಒಳಗೇ ರಕ್ತ ಒಸರುತ್ತದೆ. ಆದುದರಿಂದ ಸೀಳನ್ನು ಮುಚ್ಚಬೇಕು, ಹಾದಿಯನ್ನು ತೆರೆದೂ ಇಡಬೇಕು.

ಆತ್ಮಕಥನವು ಪಠ್ಯಪುಸ್ತಕವಲ್ಲವೆಂಬ ಆಕ್ಷೇಪಣೆ ಬರಬಹುದು. ದಾರದ ಅಳತೆಯನ್ನು ನಾವು ಕೇಳುತ್ತಿಲ್ಲ. ತಪ್ಪೊಪ್ಪಿಗೆಯ ಗದ್ಯಕ್ಕೆ ಸರ್ವನಾಶವೇ ಬೇಕಾಗುತ್ತದೆ. ಹತ್ತು ನಿಮಿಷ ಅದುಮಿ ಹಿಡಿದು ಉಳಿಸಿಕೊಂಡ ಸಿರೆ ಅದಕ್ಕೆ ರುಚಿಸುವುದಿಲ್ಲ. ನಮ್ಮ ಅತೃಪ್ತಿ ಇಷ್ಟೆ.

ಇದಕ್ಕೆ ಪ್ರತಿಯಾಗಿ, ಮಿದುಳಿನ ಹೊದಿಕೆಯ ದೊಡ್ಡ ಸಿರಾಮಾರ್ಗಗಳನ್ನು ಆಕ್ರಮಿಸಿದ ೧೦೦ ಗೆಡ್ಡೆಗಳ ಬಗ್ಗೆ ಸಿಂಡೂ ಮತ್ತು ಆಲ್ವೆರ್ನಿಯಾ ಅವರು ೨೦೦೬ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನೋಡಬಹುದು. ಶೈಲಿ ಒಣಕಲು, ಅದನ್ನು ಸಾಹಿತ್ಯವೆಂದು ಯಾರೂ ಕರೆಯರು. ಆದರೆ ಅಲ್ಲಿ ಸಿರೆ ತೆರೆದುಕೊಂಡಲ್ಲಿಗೆ ಕಥೆ ಮುಗಿಯುವುದಿಲ್ಲ. ಹೊಲಿಯಬೇಕೆ, ತೇಪೆ ಹಾಕಬೇಕೆ, ಬೇರೆ ಸಿರೆಯಿಂದ ಬದಲಿ ದಾರಿ ಕಟ್ಟಬೇಕೆ ಎಂಬ ವಿಚಾರ ಅಲ್ಲಿಂದಲೇ ಆರಂಭವಾಗುತ್ತದೆ.