ರೋಗಿಯ ಮಾತು ಯಾವ ಪುಟದಲ್ಲಿದೆ?

ಚಿಕಿತ್ಸೆಯ ಫಲವನ್ನು ವೈದ್ಯರು ಅಂಕಿಗಳಲ್ಲಿ ಬರೆಯುತ್ತಾರೆ. ಅದರ ಭಾರವನ್ನು ರೋಗಿಯು ದೇಹದಲ್ಲಿ ಹೊರುತ್ತಾನೆ. ಈ ಎರಡು ಲೆಕ್ಕಗಳು ತಾಳೆಯಾಗುತ್ತವೆಯೇ ಎಂಬ ಪ್ರಶ್ನೆಯೊಡನೆ ಅಮೆರಿಕದ ಇತಿಹಾಸಜ್ಞೆ ಆಲಿಸ್ ವೆಕ್ಸ್‌ಲರ್ ಅವರ ‘ಮ್ಯಾಪಿಂಗ್ ಫೇಟ್’ (1995) ಎಂಬ ಆತ್ಮಕಥನವನ್ನು ಓದಿದೆನು.

ಗ್ರಂಥದ ವಸ್ತು ಹಂಟಿಂಗ್ಟನ್ ರೋಗ. ಮಿದುಳಿನ ಕೋಶಗಳು ಕ್ರಮೇಣ ನಶಿಸಿ, ಅಂಗಾಂಗಗಳು ಹತೋಟಿ ತಪ್ಪಿ, ಬುದ್ಧಿಯೂ ಸ್ವಭಾವವೂ ಕದಡುವ ಈ ವ್ಯಾಧಿ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ತಲೆದೋರುತ್ತದೆ. ತಂದೆ ಅಥವಾ ತಾಯಿಗೆ ಇದ್ದಲ್ಲಿ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. 1950ರಲ್ಲಿಯೇ ಲೇಖಕಿಯ ಸೋದರಮಾವಂದಿರಿಗೆ ರೋಗವಿರುವುದು ತಿಳಿದಿತ್ತು. ಹೆಣ್ಣುಮಕ್ಕಳಿಬ್ಬರಿಗೆ ಅದನ್ನು ತಿಳಿಸಿದ್ದು 1968ರಲ್ಲಿ, ತಾಯಿಗೂ ಅದೇ ವ್ಯಾಧಿಯೆಂದು ನಿರ್ಣಯವಾದ ಬಳಿಕ. ತಂದೆ ಸಂಶೋಧನೆಗಾಗಿ ಸಂಸ್ಥೆ ಕಟ್ಟಿದರು. ತಂಗಿ ನ್ಯಾನ್ಸಿ ವೆನಿಜುವೆಲಾದ ಮರಕೈಬೋ ಸರೋವರ ತೀರದ ಕುಟುಂಬಗಳ ವಂಶಾವಳಿಯನ್ನೂ ರಕ್ತದ ಮಾದರಿಗಳನ್ನೂ ಸಂಗ್ರಹಿಸಿದರು. 1993ರಲ್ಲಿ ದೋಷಯುಕ್ತ ವಂಶವಾಹಿ ದೊರೆಯಿತು.

ಮನೆಯೊಳಗಿನ ಮೌನವನ್ನು ಲೇಖಕಿ ಮುಚ್ಚಿಡದಿರುವುದೇ ಗ್ರಂಥದ ಹಿರಿಮೆ. ಪರೀಕ್ಷೆಗಾಗಿ ದುಡಿದ ಸೋದರಿಯರೇ ಅದು ಕೈಗೆ ಬಂದಾಗ ಮಾಡಿಸಿಕೊಳ್ಳಲಿಲ್ಲ. ತನಗೂ ರೋಗ ತಗುಲಿದೆಯೆಂದು ನ್ಯಾನ್ಸಿ 2020ರಲ್ಲಿ ಬಹಿರಂಗವಾಗಿ ಹೇಳಿದರು. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಪತಿ, ಪುತ್ರಿಯರ ಮಾತು ತುಂಬಿರುವ ಈ ಕಥನದಲ್ಲಿ ರೋಗಿಯಾದ ತಾಯಿಯ ಮಾತು ವಿರಳ. ಮರಕೈಬೋದ ಬಡವರೂ ನಮಗೆ ಕಾಣುವುದು ಅತಿಥಿಗಳ ಕಣ್ಣಿನಿಂದ.

ಈ ಕೊರತೆ ಒಂದು ಗ್ರಂಥಕ್ಕೆ ಸೀಮಿತವಲ್ಲ. ನಶಿಸಿದ ಕೋಶಗಳ ಜಾಗಕ್ಕೆ ಭ್ರೂಣದ ನರಕೋಶಗಳನ್ನು ಸೇರಿಸುವ ಪ್ರಯೋಗ ಫ್ರಾನ್ಸಿನಲ್ಲಿ ನಡೆಯಿತು. 2000ದಲ್ಲಿ ಪ್ರಕಟವಾದ ವರದಿಯಂತೆ ಐವರಲ್ಲಿ ಮೂವರು ಚೇತರಿಸಿದ್ದರು, ಆಸೆ ಹಬ್ಬಿತು. ಬಳಿಕ 45 ರೋಗಿಗಳ ದೊಡ್ಡ ಪ್ರಯೋಗವಾಯಿತು. ಕೆಲವರಿಗೆ ಮೊದಲೇ ಕಸಿಮಾಡಿ, ಉಳಿದವರನ್ನು ಸುಮಾರು 20 ತಿಂಗಳು ಕಾಯಿಸಿ, ಇಬ್ಬರನ್ನೂ ಹೋಲಿಸಲಾಯಿತು. 2020ರ ಫಲಿತಾಂಶದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಅನೇಕರ ದೇಹ ಕಸಿಯ ವಿರುದ್ಧ ಪ್ರತಿಕಾಯಗಳನ್ನೂ ಬೆಳೆಸಿತ್ತು.

ವರದಿಗೆ ಇದು ಒಂದು ಸಾಲು. ಕಾಯುತ್ತಿದ್ದವನಿಗಾದರೋ ಆ ತಿಂಗಳುಗಳಲ್ಲಿ ರೋಗ ನಿಂತಿರಲಿಲ್ಲ. ಗುಳಿಗೆಯನ್ನು ನಿಲ್ಲಿಸಬಹುದು, ತಲೆಬುರುಡೆ ಕೊರೆದು ಇಟ್ಟ ಕೋಶವನ್ನು ಹಿಂತೆಗೆಯಲಾಗದು. ಬುದ್ಧಿಯನ್ನೇ ಕದಡುವ ವ್ಯಾಧಿಯಲ್ಲಿ ಸಮ್ಮತಿ ಯಾರದು, ರೋಗಿಯದೋ, ಸುಸ್ತಾದ ಮನೆಯವರದೋ? ಕೋಶಗಳು ಗರ್ಭಪಾತದಿಂದ ಬಂದವೆಂಬುದು ಅಹಿಂಸಾವ್ರತಿಗಳಿಗೆ ಕಠಿಣ ಪ್ರಶ್ನೆ. ಅದಕ್ಕೆ ಉತ್ತರ ಕೊಡುವವರು ರೋಗಶಯ್ಯೆಯ ಬಳಿ ಒಮ್ಮೆ ಕುಳಿತು ಕೊಡಲಿ.

ವ್ಯಾಪಾರದಲ್ಲಿ ನಷ್ಟವೂ ಖಾತೆಯಲ್ಲಿ ಬರೆಯತಕ್ಕ ಸಂಗತಿ. ಬರೆಯದ ನಷ್ಟ ಮುಂದಿನವನನ್ನು ವಂಚಿಸುತ್ತದೆ. ಪ್ರಯೋಗಕ್ಕೆ ದೇಹವೊಡ್ಡಿದವರು ಏನನ್ನು ನಿರೀಕ್ಷಿಸಿದರು, ಏನನ್ನು ಪಡೆದರು, ಪುನಃ ಒಪ್ಪುವರೇ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ವೆಕ್ಸ್‌ಲರ್ ಅವರ ಗ್ರಂಥ ಆ ಖಾತೆಯ ಮೊದಲ ಪುಟಗಳಲ್ಲೊಂದು. ವಂಶವ್ಯಾಧಿಯನ್ನು ಮಕ್ಕಳಿಂದ ಮರೆಮಾಚುತ್ತಿರುವ ಮನೆಗಳಲ್ಲಿ ಅದನ್ನು ಓದುವುದು ಹಿತಕರ.