ಕಲ್ಲಿನ ಕಮಾನಿನಡಿ ಕನ್ನಡದ ಅಲ್ಲೆಲೂಯ

ಪಾಸ್ಖ ಜಾಗರಣೆಯ ರಾತ್ರಿ ಪ್ರಧಾನಾಲಯವೊಂದರಲ್ಲಿ ನಿಂತು ಗಾಯನವೃಂದವನ್ನು ಆಲಿಸಿದ ನಿಮಗೆ ಅದರ ವೈಭವವನ್ನು ನಾನು ವರ್ಣಿಸಬೇಕಾಗಿಲ್ಲ. ಆ ವೈಭವದ ನಡುವೆ ನಮಗೆ ಕೇಳಿಸಿದ್ದೇನು ಎಂಬುದನ್ನು ಮಾತ್ರ ಸ್ವಲ್ಪ ನಿಷ್ಠುರವಾಗಿಯೇ ವಿಚಾರಿಸಬೇಕಾಗಿದೆ.

ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯವನ್ನು ನೆನೆಯಿರಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟ ಆ ಗೋಥಿಕ್ ಕಟ್ಟಡದಂತಹ ಎತ್ತರದ ಆಲಯಗಳಲ್ಲಿ ಹೊರಟ ಸ್ವರ ಕೂಡಲೇ ಅಡಗುವುದಿಲ್ಲ. ಮುಂದಿನ ಸ್ವರದ ಮೇಲೆ ನೆರಳಾಗಿ ಬೀಳುತ್ತದೆ. ಯೂರೋಪಿನ ಗ್ರೆಗೋರಿಯನ್ ಗಾನ ಬೆಳೆದದ್ದು ಇಂತಹ ಕಲ್ಲಿನ ಒಡಲಲ್ಲಿಯೇ. ಒಂದೇ ಎಳೆಯ ರಾಗ, ತಾಳದ ಕಟ್ಟಿಲ್ಲ, ವಾಕ್ಯ ಮುಗಿದಲ್ಲಿ ಉಸಿರಿನ ವಿರಾಮ. ಜಾಗರಣೆಯ ಆರಂಭದಲ್ಲಿ ಮೇಣದ ದೀಪದ ಮುಂದೆ ಹಾಡುವ ಪಾಸ್ಖ ಘೋಷಣೆ ಈ ಬಗೆಯದು. ಮೇಣವನ್ನಿತ್ತ ಜೇನುನೊಣವನ್ನೂ ಮರೆಯದೆ ಕೊಂಡಾಡುವ ಆ ದೀರ್ಘ ಸ್ತುತಿಯನ್ನು ಒಬ್ಬನೇ ಗಾಯಕ ವಾದ್ಯವಿಲ್ಲದೆ ಕನ್ನಡದಲ್ಲಿ ಹಾಡಿದಾಗ, ಕೊನೆಯ ಕಂಬದ ಹಿಂದೆ ನಿಂತವನಿಗೂ ಪದಪದ ತಲುಪುತ್ತದೆ.

ತೊಡಕು ಆಮೇಲಿನದು. ಕೆಲವು ವರ್ಷಗಳ ಹಿಂದೆ ಬೇರೊಂದು ಆಲಯದಲ್ಲಿ (ಹೆಸರು ಬೇಡ) ಕೆಂಪು ಸಮುದ್ರವನ್ನು ದಾಟಿದ ವಾಚನದ ನಂತರ ಮೋಶೆಯ ವಿಜಯಗೀತೆಯನ್ನು ಕೇಳಿದೆ. ಪಾಶ್ಚಾತ್ಯ ಮಟ್ಟಿನ ದೀರ್ಘ ಸ್ವರಕ್ಕೆ ಹ್ರಸ್ವಾಕ್ಷರ ಸಿಕ್ಕಿ, ಪ್ರಭುವಿನ ಬಲವು ಪ್ರಭುವಿನ ಬಾಲವಾಯಿತು! ಮಕ್ಕಳು ನಕ್ಕರು, ಅವರನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ಪವಿತ್ರ ಗುರುವಾರದ ಮಹಿಮಾಗೀತೆಯಿಂದ ಜಾಗರಣೆಯ ಮಹಿಮಾಗೀತೆಯವರೆಗೆ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ನುಡಿಯಬೇಕೆಂಬುದು ವಿಧಿ. ಅಲ್ಲಿಯೋ ಕೀಬೋರ್ಡಿನ ಸಿದ್ಧತಾಳ ಧ್ವನಿವರ್ಧಕದಲ್ಲಿ ಗುಡುಗುತ್ತಿತ್ತು.

ನಮ್ಮ ಬಾದಾಮಿಯ ಬಂಡೆಯ ಮೇಲೆ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ, ಕನ್ನಡದ ತ್ರಿಪದಿ ನಿಂತಿದೆ. ತ್ರಿಪದಿಯಲ್ಲಿಯೂ ಹ್ರಸ್ವವನ್ನು ಎಳೆದು ಹಾಡುವುದುಂಟು, ಒಪ್ಪುತ್ತೇನೆ. ಆದರೆ ಬೀಸುಕಲ್ಲಿನ ಮುಂದೆ ಕುಳಿತ ತಾಯಿಗೆ ಎಲ್ಲಿ ಎಳೆದರೆ ಮಾತು ಕೆಡದೆಂಬುದು ಗೊತ್ತು. ಸಂಗೀತ ಸಂಯೋಜಿಸುವ ನಮ್ಮ ಯುವಕರು ಆಕೆಯ ಬಳಿ ಒಂದು ದಿನವಾದರೂ ಕುಳಿತಿದ್ದಾರೆಯೇ? ಗುಳೇದಗುಡ್ಡಕ್ಕೆ 19ನೆಯ ಶತಮಾನದಲ್ಲಿ ಬಂದ ಬಾಸೆಲ್ ಮಿಷನ್ನಿನವರೂ ಕನ್ನಡವನ್ನು ಜರ್ಮನ್ ರಾಗಗಳಿಗೆ ಹೊಂದಿಸಿದವರೇ. ಅಲ್ಲಿಯೂ ಅಕ್ಷರಗಳು ನಲುಗಿದವು. ಆದರೆ ಪುಸ್ತಕ ಹಿಡಿದು ಸಭೆಯೆಲ್ಲ ಹಾಡುವ ರೂಢಿಯನ್ನು ಅವರು ಬೆಳೆಸಿದರು. ಈ ವಿಷಯದಲ್ಲಿ ಕಥೋಲಿಕರಾದ ನಾವು ಆ ಸೋದರರಿಂದ ಕಲಿಯುವುದಿದೆ.

ಗಾಯನವೃಂದ ಬೇಡವೆಂದು ನಾನು ಹೇಳುತ್ತಿಲ್ಲ. ದೈವಾರಾಧನೆಯನ್ನು ಕುರಿತ 1963ರ ಮಹಾಸಭೆಯ ಸಂವಿಧಾನವು ವೃಂದಗಳನ್ನು ಪೋಷಿಸಿರೆಂದಿತು. ಅದೇ ಉಸಿರಿನಲ್ಲಿ ಜನರು ತಮ್ಮ ಪಾಲಿನದನ್ನು ಹಾಡುವಂತಾಗಲಿ ಎಂದೂ ಹೇಳಿತು. ಆ ರಾತ್ರಿ ಈ ಎರಡನೆಯ ಮಾತು ಮರೆತುಹೋಗಿತ್ತು. ತಪಸ್ಸುಕಾಲವಿಡೀ ಮೌನವಾಗಿದ್ದ ಅಲ್ಲೆಲೂಯವನ್ನು ಗುರುಗಳು ಮೂರು ಸಲ, ಪ್ರತಿ ಸಲವೂ ಸ್ವರವನ್ನೇರಿಸಿ ಹಾಡಬೇಕು. ಜನರು ಪ್ರತಿ ಸಲವೂ ಮರುನುಡಿಯಬೇಕು. ಅದರ ಬದಲು ವೃಂದವು ನಾಲ್ಕು ಧ್ವನಿಗಳ ಕೃತಿಯೊಂದನ್ನು ಎತ್ತಿಕೊಂಡಿತು. ಸೊಗಸಾಗಿಯೇ ಹಾಡಿದರು, ಶ್ರುತಿ ಎಲ್ಲಿಯೂ ಜಾರಲಿಲ್ಲ. ನನ್ನ ಪಕ್ಕದಲ್ಲಿ ಹುನಗುಂದದ ಕಡೆಯಿಂದ ಬಂದಿದ್ದ ಹಿರಿಯ ತಾಯಿಯೊಬ್ಬರಿದ್ದರು. ಊರಿನ ಭಜನೆಯಲ್ಲಿ ಮೊದಲ ದನಿ ಅವರದು. ಕೈಯಲ್ಲಿ ಬತ್ತಿ ಹಿಡಿದು, ಬಾಯಿ ತೆರೆಯಲು ಸಿದ್ಧರಾಗಿ ಕೊನೆಯವರೆಗೂ ಕಾದರು. ಹೊರಗೆ ಬಂದ ಮೇಲೆ ಮೆಲ್ಲನೆ ಕೇಳಿದರು: "ಫಾದರ್, ನಾವು ಹಾಡೋದು ಯಾವಾಗ ಇತ್ರಿ?"